ಹಸಿವಿನ ಸಾಕ್ಷ್ಯ: ದಂಶಕಗಳ ಮಿದುಳಿನ ಪೆಪ್ಟೈಡ್‌ಗಳು ಮತ್ತು ಅವುಗಳ ಗ್ರಾಹಿಗಳು



ಹಸಿವು ನಮಗೆಲ್ಲ ಒಳಗಿನಿಂದ ಗೊತ್ತಿರುವ ಸಂಗತಿ. ವಿಜ್ಞಾನಕ್ಕೆ ಮಾತ್ರ ಅದನ್ನು ಹೊರಗಿನಿಂದ ನೋಡದೆ ಬೇರೆ ದಾರಿಯಿಲ್ಲ. ಪಂಜರದ ಇಲಿ ತನಗೆ ಹಸಿವಾಗಿದೆ ಎಂದು ಹೇಳುವುದಿಲ್ಲ. ಸಂಜೆ ತೂಗಿ ಇಟ್ಟ ಆಹಾರವನ್ನು ಬೆಳಿಗ್ಗೆ ಮತ್ತೆ ತೂಗಿ, ಕಡಿಮೆಯಾದದ್ದರಲ್ಲಿ ಪಂಜರದ ತಳಕ್ಕೆ ಉದುರಿದ ಪುಡಿಯನ್ನು ಕಳೆದರೆ ಎಷ್ಟು ಗ್ರಾಂ ಉಳಿಯಿತೋ ಅಷ್ಟೇ ನಮಗೆ ಸಿಗುವ ಉತ್ತರ. ಆ ಕೆಲವು ಗ್ರಾಂಗಳಿಂದ ಹೊರಟು, ಮಿದುಳಿನ ಇಂಥ ಕೋಶ, ಇಂಥ ಅಣು, ಇಂಥ ಗ್ರಾಹಿ ಈ ಪ್ರಾಣಿಯನ್ನು ಆಹಾರದ ಕಡೆಗೆ ನಡೆಸಿತು ಎಂಬ ತೀರ್ಮಾನಕ್ಕೆ ಬರುವುದು ಬಹು ದೂರದ ಪ್ರಯಾಣ.

ಇಂದು ನಾನು ತಮ್ಮ ಮುಂದಿಡಬಯಸುವ ಪ್ರಶ್ನೆ ಒಂದೇ. ಒಂದು ಪೆಪ್ಟೈಡ್ ಹಸಿವನ್ನು ಹುಟ್ಟಿಸುತ್ತದೆ ಎನ್ನಲು ಯಾವ ಬಗೆಯ ಸಾಕ್ಷ್ಯ ಬೇಕು? ಈ ಕ್ಷೇತ್ರದ ಎಂಟು ದಶಕಗಳ ಕೆಲಸವನ್ನು ನೋಡಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೆಡವಿ ನೋಡುವುದು, ಚುಚ್ಚಿ ನೋಡುವುದು, ಜೀನನ್ನು ತೆಗೆದು ನೋಡುವುದು, ಬದುಕಿರುವ ಕೋಶದ ಚಟುವಟಿಕೆಯನ್ನೇ ಆಲಿಸುವುದು, ಇವು ನಾಲ್ಕೂ ನಾಲ್ಕು ಬೇರೆ ಉತ್ತರಗಳನ್ನು ಕೊಟ್ಟಿವೆ. ಯಾವುದೂ ಸುಳ್ಳಲ್ಲ, ಯಾವುದೂ ಒಂಟಿಯಾಗಿ ಪೂರ್ಣವೂ ಅಲ್ಲ. ಮುಂದಿನ ಮಾತುಗಳಲ್ಲಿ ರ್‍ಯಾಟ್ ಎನ್ನುವ ಪ್ರಾಣಿಯನ್ನು ದೊಡ್ಡ ಇಲಿ ಎಂದೂ ಮೌಸ್ ಎನ್ನುವುದನ್ನು ಸಣ್ಣ ಇಲಿ ಎಂದೂ ಕರೆಯುತ್ತೇನೆ. ಎರಡೂ ದಂಶಕ ವರ್ಗದವೇ ಆದರೂ ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಹಾಗೆಯೇ ಕಾಣಬೇಕೆಂದಿಲ್ಲ.

ಮೊದಲು ಬಂದದ್ದು ಕೆಡವಿ ನೋಡಿದ ಸಾಕ್ಷ್ಯ. ಮಿದುಳಿನ ತಳದಲ್ಲಿ, ಪಿಟ್ಯುಟರಿ ಗ್ರಂಥಿಯ ಮೇಲ್ಗಡೆ, ಹೈಪೋಥಾಲಮಸ್ ಎಂಬ ಪುಟ್ಟ ಭಾಗವಿದೆ. 1940ರಲ್ಲಿ ಅಮೆರಿಕದ ಹೆದರಿಂಗ್ಟನ್ ಮತ್ತು ರ್‍ಯಾನ್ಸನ್ ದೊಡ್ಡ ಇಲಿಗಳ ಹೈಪೋಥಾಲಮಸ್‌ನ ಕೆಳಮಧ್ಯ ಭಾಗಕ್ಕೆ ವಿದ್ಯುತ್ತಿನಿಂದ ಹಾನಿ ಮಾಡಿದಾಗ ಅವು ವಿಪರೀತ ಕೊಬ್ಬಿದವು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಅವರೊಂದಿಗೆ ಕೆಲಸ ಮಾಡುತ್ತಿದ್ದ ಭಾರತೀಯ ಶರೀರಕ್ರಿಯಾ ವಿಜ್ಞಾನಿ ಬಾಲಕೃಷ್ಣ ಆನಂದ್ ಇದಕ್ಕೆ ಎದುರಾದ ಸಂಗತಿಯನ್ನು ಕಂಡರು. ಹೈಪೋಥಾಲಮಸ್‌ನ ಎರಡೂ ಪಕ್ಕದ ಒಂದು ಕಿರಿದಾದ ಜಾಗಕ್ಕೆ ಹಾನಿಯಾದರೆ ಇಲಿ ತಿನ್ನುವುದನ್ನೇ ನಿಲ್ಲಿಸುತ್ತದೆ. ಎದುರಿಗೆ ಆಹಾರ ರಾಶಿ ಬಿದ್ದಿದ್ದರೂ ಉಪವಾಸ ಸಾಯುತ್ತದೆ. ಪಕ್ಕದಲ್ಲಿ ಹಸಿವಿನ ಕೇಂದ್ರ, ಮಧ್ಯದಲ್ಲಿ ತೃಪ್ತಿಯ ಕೇಂದ್ರ ಎಂಬ ಚಿತ್ರ ಪಠ್ಯಪುಸ್ತಕಗಳಿಗೆ ಬಂದದ್ದು ಹೀಗೆ. ಆನಂದ್ ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಶರೀರಕ್ರಿಯಾ ವಿಭಾಗವನ್ನು ಕಟ್ಟಿದರು. ರಕ್ತದ ಗ್ಲೂಕೋಸ್ ಏರಿಳಿದಂತೆ ಈ ಜಾಗಗಳ ವಿದ್ಯುತ್ ಚಟುವಟಿಕೆಯೂ ಬದಲಾಗುವುದನ್ನು ಸಹೋದ್ಯೋಗಿಗಳೊಂದಿಗೆ ದಾಖಲಿಸಿದರು. ನಮ್ಮ ದೇಶದ ಪ್ರಯೋಗವಿಜ್ಞಾನದ ಚರಿತ್ರೆಯಲ್ಲಿ ಈ ಕೆಲಸಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲವೆಂದು ನನ್ನ ಭಾವನೆ.

ಆದರೆ ಹಾನಿಯ ಸಾಕ್ಷ್ಯಕ್ಕೆ ಒಂದು ದೋಷವಿದೆ. ವಿದ್ಯುತ್ತು ಅಲ್ಲಿ ನೆಲೆಸಿರುವ ಕೋಶಗಳನ್ನಷ್ಟೇ ಸುಡುವುದಿಲ್ಲ, ಆ ದಾರಿಯಾಗಿ ಬೇರೆಲ್ಲಿಗೋ ಹೋಗುವ ನರತಂತುಗಳನ್ನೂ ಸುಡುತ್ತದೆ. 1970ರ ದಶಕದ ವೇಳೆಗೆ, ಪಕ್ಕದ ಜಾಗದ ಮೂಲಕ ಹಾದುಹೋಗುವ ಡೋಪಮೈನ್ ತಂತುಗಳು ಕಡಿದುಹೋದರೂ ಪ್ರಾಣಿ ಆಹಾರ ಬಿಡುತ್ತದೆ ಎಂಬುದು ತಿಳಿಯಿತು. ಅದಕ್ಕೂ ಮೊದಲು ಟೈಟಲ್‌ಬಾಮ್ ಮತ್ತು ಎಪ್‌ಸ್ಟೈನ್ ಇನ್ನೊಂದನ್ನು ತೋರಿಸಿದ್ದರು. ಇಂಥ ಇಲಿಗಳಿಗೆ ನಳಿಕೆಯ ಮೂಲಕ ಆಹಾರ ಕೊಟ್ಟು ಬದುಕಿಸಿದರೆ ಅವು ಹಂತಹಂತವಾಗಿ ಮತ್ತೆ ತಿನ್ನಲು ಕಲಿಯುತ್ತವೆ. ಕೇಂದ್ರ ಎಂಬ ಪದ ಇದರಿಂದ ಸಡಿಲವಾಯಿತು. ಜಾಗವನ್ನು ಹುಡುಕುವ ಬದಲು ಆ ಜಾಗದಲ್ಲಿ ಯಾರು ಯಾರೊಡನೆ ಯಾವ ಅಣುವಿನ ಮೂಲಕ ವ್ಯವಹರಿಸುತ್ತಾರೆ ಎಂದು ಹುಡುಕಬೇಕಾಯಿತು.

ಇದೇ ಕಾಲದಲ್ಲಿ ಇನ್ನೊಂದು ವಿಚಾರಧಾರೆ ಬೆಳೆಯುತ್ತಿತ್ತು. ದೇಹದ ಕೊಬ್ಬೇ ತನ್ನ ಪ್ರಮಾಣವನ್ನು ಮಿದುಳಿಗೆ ತಿಳಿಸುತ್ತಿರಬೇಕು ಎಂದು 1953ರಲ್ಲಿ ಗಾರ್ಡನ್ ಕೆನಡಿ ಸೂಚಿಸಿದರು. ಇದಕ್ಕೆ ಬಂದ ಪ್ರಾಯೋಗಿಕ ಆಧಾರ ಎಷ್ಟು ಸರಳವೋ ಅಷ್ಟೇ ಆಳವಾದದ್ದು, ಹಾಗಾಗಿ ಅದರ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ತಾವಾಗಿಯೇ ಹುಟ್ಟಿದ ಎರಡು ಬಗೆಯ ಸ್ಥೂಲ ಸಣ್ಣ ಇಲಿಗಳಿದ್ದವು. 1949ರಲ್ಲಿ ಕಂಡುಬಂದ ತಳಿಗೆ ಓಬಿ, 1960ರ ದಶಕದಲ್ಲಿ ಕಂಡುಬಂದ ತಳಿಗೆ ಡಿಬಿ ಎಂದು ಹೆಸರು. ನೋಡಲು ಎರಡೂ ಒಂದೇ. ಡಗ್ಲಸ್ ಕೋಲ್‌ಮನ್ ಎರಡು ಪ್ರಾಣಿಗಳ ಪಕ್ಕೆಯ ಚರ್ಮವನ್ನು ಸೇರಿಸಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ನಿಧಾನವಾಗಿ ಹರಿಯುವಂತೆ ಮಾಡಿದರು. ಡಿಬಿ ಇಲಿಯೊಡನೆ ಜೋಡಿಸಿದ ಸಾಮಾನ್ಯ ಇಲಿ ತಿನ್ನುವುದನ್ನು ಬಿಟ್ಟು ಉಪವಾಸದಿಂದ ಸತ್ತಿತು. ಡಿಬಿಯೊಡನೆ ಜೋಡಿಸಿದ ಓಬಿ ಇಲಿಯೂ ಹಾಗೆಯೇ ಸತ್ತಿತು. ಸಾಮಾನ್ಯ ಇಲಿಯೊಡನೆ ಜೋಡಿಸಿದ ಓಬಿ ಮಾತ್ರ ಕಡಿಮೆ ತಿಂದು ಬದುಕಿತು. ಇದರಿಂದ ಕೋಲ್‌ಮನ್ ಹೊರಡಿಸಿದ ತೀರ್ಮಾನ ಹೀಗಿತ್ತು: ರಕ್ತದಲ್ಲಿ ಹರಿದು ಹಸಿವನ್ನು ತಣಿಸುವ ಒಂದು ವಸ್ತು ಇದೆ, ಓಬಿ ಅದನ್ನು ತಯಾರಿಸಲಾರದು, ಡಿಬಿ ಅದನ್ನು ಹೇರಳವಾಗಿ ತಯಾರಿಸಿದರೂ ಗ್ರಹಿಸಲಾರದು.

ಅಣು ಸಿಗಲು ಮತ್ತೆ ಎರಡು ದಶಕಗಳೇ ಬೇಕಾದವು. 1994ರ ಕೊನೆಯಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಓಬಿ ಜೀನನ್ನು ಬೇರ್ಪಡಿಸಿತು. ಕೊಬ್ಬಿನ ಕೋಶಗಳು ಸ್ರವಿಸುವ ಆ ಪ್ರೋಟೀನಿಗೆ ಮರುವರ್ಷ ಲೆಪ್ಟಿನ್ ಎಂಬ ಹೆಸರು ಬಂತು. 1995ರಲ್ಲೇ ಅದರ ಗ್ರಾಹಿಯೂ ಸಿಕ್ಕಿತು. ಡಿಬಿ ಇಲಿಯಲ್ಲಿ ಕೆಟ್ಟಿದ್ದುದು ಅದೇ ಗ್ರಾಹಿ. ಕಣ್ಣಿಗೆ ಕಾಣದ ಅಣುವೊಂದರ ಇರವನ್ನೂ ಅದರ ಗ್ರಾಹಿಯ ಇರವನ್ನೂ ಹೊಲಿಗೆಯ ದಾರ ಮತ್ತು ತಕ್ಕಡಿಯಿಂದ ಊಹಿಸಿದ ಕೋಲ್‌ಮನ್ ಅವರ ತರ್ಕವನ್ನು ನಾನು ಜೀವವಿಜ್ಞಾನದ ಅತ್ಯಂತ ಸುಂದರ ತರ್ಕಗಳಲ್ಲಿ ಒಂದೆಂದು ಎಣಿಸುತ್ತೇನೆ.

ಲೆಪ್ಟಿನ್ ಎಂದರೆ ತೂಕ ಇಳಿಸುವ ಹಾರ್ಮೋನು ಎಂದು ಆಗ ಪತ್ರಿಕೆಗಳು ಬರೆದವು. ವಿಷಯ ಅಷ್ಟು ನೇರವಾಗಿರಲಿಲ್ಲ. ಸ್ಥೂಲಕಾಯದ ಪ್ರಾಣಿಗಳಲ್ಲಿ ಬಹುಪಾಲಿನವಕ್ಕೆ ಲೆಪ್ಟಿನ್ ಕಡಿಮೆಯಿರುವುದಿಲ್ಲ, ಹೆಚ್ಚೇ ಇರುತ್ತದೆ, ಆದರೆ ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ನಮ್ಮ ನೆರೆಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಇಲಿಗಳ ಬಳಗದಲ್ಲಿ ತಾನಾಗಿ ಹುಟ್ಟಿದ ಸ್ಥೂಲ ತಳಿಯಲ್ಲಿಯೂ ಕಂಡದ್ದು ಇದೇ. ಲೆಪ್ಟಿನ್‌ನ ಮುಖ್ಯ ಕೆಲಸ ಉಪವಾಸದ ಸುದ್ದಿ ಕೊಡುವುದು. ಆಹಾರ ಸಿಗದಿದ್ದಾಗ ರಕ್ತದಲ್ಲಿ ಲೆಪ್ಟಿನ್ ಬೇಗ ಕುಸಿಯುತ್ತದೆ. ಕುಸಿದಾಗ ಸಣ್ಣ ಇಲಿಯ ಥೈರಾಯ್ಡ್ ಮತ್ತು ಸಂತಾನೋತ್ಪತ್ತಿಯ ಹಾರ್ಮೋನುಗಳು ತಗ್ಗಿ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಉಪವಾಸದಲ್ಲಿಯೇ ಹೊರಗಿನಿಂದ ಲೆಪ್ಟಿನ್ ಕೊಟ್ಟರೆ ಈ ಬದಲಾವಣೆಗಳು ಬಹುಮಟ್ಟಿಗೆ ನಿಲ್ಲುತ್ತವೆ ಎಂದು 1996ರಲ್ಲಿ ತೋರಿಸಲಾಯಿತು.

ಈಗ ಪೆಪ್ಟೈಡ್‌ಗಳಿಗೆ ಬರೋಣ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಗಿಡ್ಡ ಸರಪಳಿ. ನರಕೋಶ ಅದನ್ನು ದೊಡ್ಡ ಪ್ರೋಟೀನಿನಿಂದ ಕತ್ತರಿಸಿ ತೆಗೆದು, ಸಣ್ಣ ಚೀಲಗಳಲ್ಲಿ ತುಂಬಿಟ್ಟು, ಬೇಕಾದಾಗ ಹೊರಬಿಡುತ್ತದೆ. ಅದು ನೆರೆಯ ಕೋಶದ ಹೊರಪದರದಲ್ಲಿ ತನಗೆ ಹೊಂದುವ ಗ್ರಾಹಿಯನ್ನು ಸೇರಿದಾಗ ಆ ಕೋಶದ ಒಳಗೆ ಸಂಕೇತಗಳ ಸಾಲು ಹೊರಡುತ್ತದೆ. ಗ್ಲುಟಮೇಟ್‌ನಂಥ ಚಿಕ್ಕ ಅಣುಗಳ ಕೆಲಸ ಸೆಕೆಂಡಿನ ಸಾವಿರದ ಭಾಗಗಳಲ್ಲಿ ಮುಗಿದರೆ, ಪೆಪ್ಟೈಡ್‌ಗಳ ಕೆಲಸ ನಿಮಿಷ, ಗಂಟೆ, ಕೆಲವೊಮ್ಮೆ ದಿನಗಳವರೆಗೂ ನಡೆಯುತ್ತದೆ. ಕಾಲದ ಈ ವ್ಯತ್ಯಾಸವನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಏಕೆಂದರೆ ನನ್ನ ವಾದ ನಿಂತಿರುವುದು ಅದರ ಮೇಲೆ.

1982ರಲ್ಲಿ ತಾತೆಮೊತೊ ಮತ್ತು ಮುಟ್ ಎಂಬ ವಿಜ್ಞಾನಿಗಳು ಹಂದಿಯ ಮಿದುಳಿನಿಂದ 36 ಅಮೈನೋ ಆಮ್ಲಗಳ ನ್ಯೂರೋಪೆಪ್ಟೈಡ್ ವೈ ಅನ್ನು ಬೇರ್ಪಡಿಸಿದರು. ಎರಡೇ ವರ್ಷಗಳಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಸತ್ಯ ಕಾಲ್ರಾ, ಪುಷ್ಪಾ ಕಾಲ್ರಾ ಮತ್ತು ಸಂಗಡಿಗರು ಅದನ್ನು ದೊಡ್ಡ ಇಲಿಗಳ ಮಿದುಳಿಗೆ ಕೊಟ್ಟು ನೋಡಿದರು. ಹೊಟ್ಟೆ ತುಂಬಿದ್ದ ಇಲಿಗಳು ಸ್ವಲ್ಪ ಹೊತ್ತಿನಲ್ಲೇ ಆಹಾರದ ಬಳಿ ಹೋಗಿ ಮತ್ತೆ ತಿನ್ನತೊಡಗಿದವು. ಸ್ಟ್ಯಾನ್ಲಿ ಮತ್ತು ಲೈಬೋವಿಟ್ಸ್ ಹೈಪೋಥಾಲಮಸ್‌ನ ಪ್ಯಾರಾವೆಂಟ್ರಿಕ್ಯುಲರ್ ಎಂಬ ಜಾಗಕ್ಕೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಟ್ಟಾಗಲೂ ಅದೇ ಫಲ ಬಂತು. ದಿನದಿನವೂ ಕೊಟ್ಟ ಇಲಿಗಳು ಕೊಬ್ಬಿದವು. ಮಿದುಳಿನ ಬೇರೆ ಯಾವ ಪೆಪ್ಟೈಡೂ ಆವರೆಗೆ ಇಷ್ಟು ಬಲವಾಗಿ ಹಸಿವನ್ನು ಕೆರಳಿಸಿರಲಿಲ್ಲ. ಇದಕ್ಕೆ ವೈ1, ವೈ2, ವೈ4, ವೈ5 ಎಂಬ ಗ್ರಾಹಿಗಳಿರುವುದೂ, ತಿನ್ನುವ ಕ್ರಿಯೆಗೆ ಮುಖ್ಯವಾದವು ವೈ1 ಮತ್ತು ವೈ5 ಎಂಬುದೂ ಕ್ರಮೇಣ ತಿಳಿಯಿತು. ವೈ2 ಬಹುಪಾಲು ಪೆಪ್ಟೈಡನ್ನು ಸ್ರವಿಸುವ ಕೋಶದ ಮೇಲೆಯೇ ಕುಳಿತು ಸ್ರಾವವನ್ನು ತಡೆಯುತ್ತದೆ. ಒಂದೇ ಪೆಪ್ಟೈಡ್ ಒಂದು ಗ್ರಾಹಿಯ ಮೂಲಕ ತಿನ್ನಿಸುತ್ತದೆ, ಇನ್ನೊಂದರ ಮೂಲಕ ತನ್ನ ಬಾಯನ್ನೇ ಮುಚ್ಚಿಸುತ್ತದೆ. ಪೆಪ್ಟೈಡಿಗೆ ತನ್ನಷ್ಟಕ್ಕೆ ಅರ್ಥವಿಲ್ಲ, ಅರ್ಥ ಕೊಡುವುದು ಗ್ರಾಹಿ ಮತ್ತು ಅದು ಇರುವ ಜಾಗ.

ಇದರ ಇನ್ನೂ ಸ್ಪಷ್ಟವಾದ ನಿದರ್ಶನ ಮೆಲನೋಕಾರ್ಟಿನ್ ವ್ಯವಸ್ಥೆಯಲ್ಲಿದೆ. ಹಳದಿ ತುಪ್ಪಳದ ಒಂದು ಸಣ್ಣ ಇಲಿ ತಳಿ ಇಪ್ಪತ್ತನೇ ಶತಮಾನದ ಆರಂಭದಿಂದಲೂ ತಳಿವಿಜ್ಞಾನಿಗಳಿಗೆ ಪರಿಚಿತ. ಬಣ್ಣ ಹಳದಿಯಾದ ಇಲಿ ವಯಸ್ಸಾದಂತೆ ದಪ್ಪಗೂ ಆಗುತ್ತದೆ. ಬಣ್ಣಕ್ಕೂ ಕೊಬ್ಬಿಗೂ ಏನು ಸಂಬಂಧ ಎಂಬುದು ದಶಕಗಳ ಕಾಲ ಒಗಟಾಗಿತ್ತು. 1990ರ ದಶಕದಲ್ಲಿ ಅಗೌಟಿ ಜೀನ್ ಸಿಕ್ಕಿದ ಮೇಲೆ ಉತ್ತರ ಬಿಚ್ಚಿಕೊಂಡಿತು. ಅಗೌಟಿ ಪ್ರೋಟೀನು ಸಹಜವಾಗಿ ಚರ್ಮದಲ್ಲಷ್ಟೇ ತಯಾರಾಗಿ, ಕೂದಲಿಗೆ ಕಪ್ಪು ಬಣ್ಣ ಕೊಡುವ ಗ್ರಾಹಿಯನ್ನು ತಡೆಯುತ್ತದೆ. ಹಳದಿ ಇಲಿಯಲ್ಲಿ ಅದು ಮೈಯೆಲ್ಲ ತಯಾರಾಗಿ, ಮಿದುಳಿನಲ್ಲಿರುವ ಆ ಗ್ರಾಹಿಯ ಸೋದರನನ್ನೂ ತಡೆಯುತ್ತಿತ್ತು. ಈ ಸೋದರನ ಹೆಸರು ಎಂಸಿ4. ರೋಜರ್ ಕೋನ್ ಮತ್ತು ಇತರರ ಕೆಲಸದಿಂದ ಇದು ಖಚಿತವಾಯಿತು. 1997ರಲ್ಲಿ ಎಂಸಿ4 ಗ್ರಾಹಿಯ ಜೀನನ್ನೇ ತೆಗೆದ ಸಣ್ಣ ಇಲಿಗಳು ಹುಟ್ಟಿದಾಗ ಅವು ಬಹಳ ತಿಂದು ಕೊಬ್ಬಿದವು. ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ಕಳೆದುಕೊಂಡವು ಎರಡರ ನಡುವಿನ ತೂಕದಲ್ಲಿ ನಿಂತವು.

ಹಾಗಾದರೆ ಮಿದುಳು ತನ್ನದೇ ಅಗೌಟಿಯನ್ನು ತಯಾರಿಸುತ್ತದೆಯೇ? ಹೌದು. ಅಗೌಟಿ ಸಂಬಂಧಿ ಪೆಪ್ಟೈಡ್ ಎಂಬ ಅಣು ಅದೇ ವರ್ಷ ಪತ್ತೆಯಾಯಿತು. ಅದನ್ನು ತಯಾರಿಸುವ ನರಕೋಶಗಳು ಹೈಪೋಥಾಲಮಸ್‌ನ ತಳದ ಆರ್ಕ್ಯುಯೇಟ್ ಎಂಬ ಗುಂಪಿನಲ್ಲಿವೆ, ನ್ಯೂರೋಪೆಪ್ಟೈಡ್ ವೈಯನ್ನು ತಯಾರಿಸುವವೂ ಅವೇ. ಅವುಗಳ ಪಕ್ಕದಲ್ಲೇ ಪಿಒಎಂಸಿ ಎಂಬ ದೊಡ್ಡ ಪ್ರೋಟೀನನ್ನು ಕತ್ತರಿಸಿ 13 ಅಮೈನೋ ಆಮ್ಲಗಳ ಆಲ್ಫಾ ಎಂಎಸ್‌ಎಚ್ ತೆಗೆಯುವ ಕೋಶಗಳಿವೆ. ಲೆಪ್ಟಿನ್ ಮೊದಲ ಗುಂಪನ್ನು ತಗ್ಗಿಸುತ್ತದೆ, ಎರಡನೆಯದನ್ನು ಎಬ್ಬಿಸುತ್ತದೆ. ಅಗೌಟಿ ಸಂಬಂಧಿ ಪೆಪ್ಟೈಡ್ ಮತ್ತು ಆಲ್ಫಾ ಎಂಎಸ್‌ಎಚ್ ಎರಡೂ ಹೋಗಿ ತಲುಪುವುದು ಒಂದೇ ಎಂಸಿ4 ಗ್ರಾಹಿಯನ್ನು. ಈ ಗ್ರಾಹಿ ಕೆರೆಯ ಹಳೆಯ ತೂಬಿನಂತೆ, ಯಾರೂ ಮುಟ್ಟದಿದ್ದಾಗಲೂ ಸ್ವಲ್ಪ ಹರಿಯುತ್ತಿರುತ್ತದೆ, ಅಂದರೆ ಸಾಕು ಎಂಬ ಸಂಕೇತವನ್ನು ಅಷ್ಟಿಷ್ಟು ಕಳಿಸುತ್ತಲೇ ಇರುತ್ತದೆ. ಆಲ್ಫಾ ಎಂಎಸ್‌ಎಚ್ ಆ ಹರಿವನ್ನು ಹೆಚ್ಚಿಸುತ್ತದೆ. ಅಗೌಟಿ ಸಂಬಂಧಿ ಪೆಪ್ಟೈಡ್ ಎದುರಾಳಿಯ ಜಾಗವನ್ನು ಆಕ್ರಮಿಸುವುದಷ್ಟೇ ಅಲ್ಲ, ಆ ಸಹಜ ಹರಿವನ್ನೂ ಒತ್ತಿ ತಗ್ಗಿಸುತ್ತದೆ. ಅದನ್ನು ಒಂದೇ ಒಂದು ಸಲ ಮಿದುಳಿಗೆ ಕೊಟ್ಟ ದೊಡ್ಡ ಇಲಿ ಹಲವು ದಿನಗಳ ತನಕ ಹೆಚ್ಚು ತಿನ್ನುವುದಕ್ಕೆ ಇದೊಂದು ಕಾರಣವಿರಬಹುದು.

ಇಲ್ಲಿಯವರೆಗೆ ಕಥೆ ನೇರವಾಗಿದೆ. ಅದು ತಿರುಗಿದ್ದು 1996ರಲ್ಲಿ. ಸಿಯಾಟಲ್‌ನ ರಿಚರ್ಡ್ ಪಾಮಿಟರ್ ಅವರ ತಂಡ ನ್ಯೂರೋಪೆಪ್ಟೈಡ್ ವೈ ಜೀನೇ ಇಲ್ಲದ ಸಣ್ಣ ಇಲಿಗಳನ್ನು ಸೃಷ್ಟಿಸಿತು. ಅತ್ಯಂತ ಬಲವಾದ ಹಸಿವಿನ ಅಣುವೇ ಇಲ್ಲದ ಪ್ರಾಣಿ ಬಡಕಲಾಗಬೇಕಿತ್ತು. ಅದು ಮಾಮೂಲಿನಂತೆ ತಿಂದು, ಮಾಮೂಲಿನಂತೆ ಬೆಳೆಯಿತು. ಉಪವಾಸದ ನಂತರವೂ ಸರಿಯಾಗಿಯೇ ತಿಂದಿತು. ಓಬಿ ಇಲಿಯಿಂದ ಈ ಜೀನನ್ನು ತೆಗೆದಾಗ ಕೊಬ್ಬು ತಗ್ಗಿತು ನಿಜ, ಹೋಗಲಿಲ್ಲ. ಚುಚ್ಚುಮದ್ದಿನ ಸಾಕ್ಷ್ಯ ಈ ಅಣು ಹಸಿವಿಗೆ ಸಾಕು ಎಂದಿತ್ತು, ಜೀನ್ ತೆಗೆದ ಸಾಕ್ಷ್ಯ ಈ ಅಣು ಹಸಿವಿಗೆ ಬೇಡ ಎಂದಿತು. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಲ್ಲ ಎಂಬುದನ್ನು ಒಪ್ಪಿಕೊಳ್ಳಲು ಕ್ಷೇತ್ರಕ್ಕೆ ಸಮಯ ಹಿಡಿಯಿತು.

ಪಾಮಿಟರ್ ತಂಡವೇ 2005ರಲ್ಲಿ ದಾರಿ ತೋರಿಸಿತು. ಅವರು ಈ ಸಲ ಅಣುವನ್ನು ಬಿಟ್ಟು, ಅದನ್ನು ತಯಾರಿಸುವ ನರಕೋಶಗಳನ್ನೇ ಕೊಲ್ಲುವ ಉಪಾಯ ಮಾಡಿದರು. ಡಿಫ್ತೀರಿಯಾ ವಿಷ ಸಣ್ಣ ಇಲಿಯ ಕೋಶಗಳಿಗೆ ಸಹಜವಾಗಿ ತಾಗುವುದಿಲ್ಲ. ಬೇಕಾದ ಕೋಶಗಳಲ್ಲಿ ಮಾತ್ರ ಆ ವಿಷದ ಗ್ರಾಹಿಯನ್ನು ಹುಟ್ಟಿಸಿ, ತಮಗೆ ಬೇಕಾದ ದಿನ ವಿಷ ಕೊಟ್ಟರು. ಹುಟ್ಟಿದ ಕೆಲವೇ ದಿನಗಳ ಮರಿಗಳಲ್ಲಿ ಈ ಕೋಶಗಳು ಸತ್ತರೆ ಹೆಚ್ಚೇನೂ ಆಗಲಿಲ್ಲ. ಬೆಳೆದ ಇಲಿಯಲ್ಲಿ ಸತ್ತಾಗ ಅದು ತಿನ್ನುವುದನ್ನು ನಿಲ್ಲಿಸಿ ಉಪವಾಸ ಬಿತ್ತು. ಬೆಳೆಯುವ ಮಿದುಳು ಇಲ್ಲದ್ದರ ಸುತ್ತ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಬೆಳೆದ ಮಿದುಳಿಗೆ ಆ ಅವಕಾಶವಿಲ್ಲ. ಹುಟ್ಟಿನಿಂದಲೇ ಜೀನ್ ಇಲ್ಲದ ಪ್ರಾಣಿಯನ್ನು ನೋಡಿ ಆ ಜೀನ್ ಅನಗತ್ಯ ಎನ್ನುವುದು ಹಾಗಾಗಿ ಆತುರದ ತೀರ್ಮಾನ.

ಇನ್ನೊಂದು ವಿವರ. ಈ ಕೋಶಗಳು ಎರಡು ಪೆಪ್ಟೈಡ್‌ಗಳ ಜೊತೆಗೆ ಗಾಬಾ ಎಂಬ ಚಿಕ್ಕ ಅಣುವನ್ನೂ ಸ್ರವಿಸುತ್ತವೆ. 2011ರಲ್ಲಿ ಬೆಳಕಿನಿಂದ ಈ ಕೋಶಗಳನ್ನು ಪ್ರಚೋದಿಸುವುದು ಸಾಧ್ಯವಾದಾಗ, ತುಂಬಿದ ಹೊಟ್ಟೆಯ ಸಣ್ಣ ಇಲಿ ನಿಮಿಷಗಳಲ್ಲಿ ತಿನ್ನತೊಡಗಿತು. ಮೂರು ಅಣುಗಳಲ್ಲಿ ಒಂದೊಂದನ್ನೇ ಉಳಿಸಿ ನೋಡಿದ ನಂತರದ ಪ್ರಯೋಗಗಳು ಕೆಲಸದ ಹಂಚಿಕೆಯನ್ನು ತೋರಿಸಿದವು. ಗಾಬಾ ಮತ್ತು ನ್ಯೂರೋಪೆಪ್ಟೈಡ್ ವೈ ಬೇಗ ತಿನ್ನಿಸುತ್ತವೆ, ಅಗೌಟಿ ಸಂಬಂಧಿ ಪೆಪ್ಟೈಡ್ ತಡವಾಗಿ ತೊಡಗಿ ಬಹಳ ಹೊತ್ತು ತಿನ್ನಿಸುತ್ತದೆ.

ಇಷ್ಟಾದ ಮೇಲೆ 2015ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜ಼ಾಕರಿ ನೈಟ್ ಅವರ ತಂಡ ಎಲ್ಲರನ್ನೂ ಅಚ್ಚರಿಗೆ ದೂಡಿತು. ಎಚ್ಚರವಿದ್ದು ಓಡಾಡುವ ಸಣ್ಣ ಇಲಿಯಲ್ಲಿ ಈ ಕೋಶಗಳ ಚಟುವಟಿಕೆಯನ್ನು ಅವರು ನೇರವಾಗಿ ದಾಖಲಿಸಿದರು. ಹಸಿದ ಇಲಿಯಲ್ಲಿ ಕೋಶಗಳು ಚುರುಕಾಗಿದ್ದವು. ಪಂಜರಕ್ಕೆ ಆಹಾರದ ತುಂಡು ಬಿದ್ದೊಡನೆ, ಇಲಿ ಅದನ್ನು ಬಾಯಿಗಿಡುವ ಮೊದಲೇ, ಕೆಲವೇ ಸೆಕೆಂಡುಗಳಲ್ಲಿ ಅವು ತಗ್ಗಿದವು. ರುಚಿಯಾದ ತಿಂಡಿಯಾದರೆ ಇನ್ನೂ ಹೆಚ್ಚು ತಗ್ಗಿದವು. ಆಹಾರ ಕಾಣಿಸಿ ತಿನ್ನಲು ಬಿಡದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಏರಿದವು. ತಗ್ಗಿದ್ದು ತಗ್ಗಿಯೇ ಉಳಿಯಬೇಕಾದರೆ ಪೋಷಕಾಂಶ ಕರುಳನ್ನು ಮುಟ್ಟಲೇಬೇಕು ಎಂದು ಮುಂದಿನ ಕೆಲಸ ತೋರಿಸಿತು. ಪ್ರಶ್ನೆ ಎದ್ದದ್ದು ಇಲ್ಲಿ. ತಿನ್ನಿಸುವ ಕೋಶಗಳು ತಿನ್ನುವ ಮೊದಲೇ ಸುಮ್ಮನಾದರೆ ಪ್ರಾಣಿ ತಿನ್ನುವುದು ಹೇಗೆ? ಉತ್ತರಕ್ಕಾಗಿ ಅವರು ಆಹಾರವಿಲ್ಲದ ಹೊತ್ತಿನಲ್ಲಿ ಈ ಕೋಶಗಳನ್ನು ಪ್ರಚೋದಿಸಿ, ಪ್ರಚೋದನೆಯನ್ನು ನಿಲ್ಲಿಸಿ, ಆಮೇಲೆ ಆಹಾರ ಕೊಟ್ಟರು. ಇಲಿ ಆಗಲೂ ಬಹಳ ಹೊತ್ತು ತಿಂದಿತು. ಕೋಶ ಸುಮ್ಮನಾದ ಮೇಲೂ ಉಳಿಯುವ ಈ ಹಸಿವು ನ್ಯೂರೋಪೆಪ್ಟೈಡ್ ವೈ ಇಲ್ಲದ ಇಲಿಗಳಲ್ಲಿ ಕಾಣಲಿಲ್ಲ ಎಂದು 2019ರಲ್ಲಿ ವರದಿಯಾಯಿತು. 1984ರಲ್ಲಿ ಕಿರೀಟ ತೊಟ್ಟು 1996ರಲ್ಲಿ ಅದನ್ನು ಕಳೆದುಕೊಂಡಿದ್ದ ಅಣುವಿಗೆ ಅದರ ನಿಜವಾದ ಕೆಲಸ ಸಿಕ್ಕಿದ್ದು ಹೀಗೆ. ಹಿಂದಿನ ಪ್ರಯೋಗಗಳಲ್ಲಿ ತೂಗಿದ್ದು ಗ್ರಾಂಗಳನ್ನು, ಆದರೆ ಈ ಪೆಪ್ಟೈಡಿನ ಕೆಲಸವಿದ್ದದ್ದು ಕಾಲದಲ್ಲಿ.

ಉಳಿದ ಪೆಪ್ಟೈಡ್‌ಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಓರೆಕ್ಸಿನ್‌ಗಳು 1998ರಲ್ಲಿ ಸಿಕ್ಕಾಗ ಹಸಿವಿನ ಅಣುಗಳೆಂದೇ ಎಣಿಸಲ್ಪಟ್ಟವು. ಮರುವರ್ಷ ಅವಿಲ್ಲದ ಸಣ್ಣ ಇಲಿಗಳು ಎಚ್ಚರವಿದ್ದಂತೆಯೇ ಥಟ್ಟನೆ ಕುಸಿದು ಬೀಳುವುದು ಕಂಡು, ಅವುಗಳ ಮುಖ್ಯ ಹೊಣೆ ಎಚ್ಚರವನ್ನು ಕಾಯುವುದು ಎಂದು ಗೊತ್ತಾಯಿತು. ಸಾಲ್ಮನ್ ಮೀನಿನಲ್ಲಿ ಬಣ್ಣದ ಹಾರ್ಮೋನಾಗಿ ಮೊದಲು ಕಂಡ ಎಂಸಿಎಚ್, ದಂಶಕಗಳ ಮಿದುಳಿನಲ್ಲಿ ತಿನ್ನುವುದನ್ನು ಹೆಚ್ಚಿಸುತ್ತದೆ. ಅದಿಲ್ಲದ ಇಲಿ ತೆಳ್ಳಗಿರುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ದೊಡ್ಡ ಇಲಿಯ ಜಠರದಿಂದ ತೆಗೆದ ಘ್ರೆಲಿನ್ ಊಟಕ್ಕೆ ಮೊದಲು ಏರಿ ಆರ್ಕ್ಯುಯೇಟ್ ಕೋಶಗಳನ್ನು ಎಬ್ಬಿಸುತ್ತದೆ. ಕರುಳಿನ ಕೋಲಿಸಿಸ್ಟೊಕೈನಿನ್ ಒಂದು ಊಟದ ಗಾತ್ರವನ್ನು ಕುಗ್ಗಿಸುತ್ತದೆ ಎಂಬುದು 1973ರಿಂದ ಗೊತ್ತು.

ದಂಶಕಗಳೆಲ್ಲ ಒಂದೇ ಅಲ್ಲ ಎಂದೆ. ಸೈಬೀರಿಯದ ಹ್ಯಾಮ್‌ಸ್ಟರ್ ಅದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಇಲಿಯನ್ನು ಉಪವಾಸ ಕೆಡವಿ ಮತ್ತೆ ಆಹಾರ ಕೊಟ್ಟರೆ ಅದು ಮುಗಿಬಿದ್ದು ತಿನ್ನುತ್ತದೆ. ಹ್ಯಾಮ್‌ಸ್ಟರ್ ಹಾಗೆ ಮಾಡುವುದಿಲ್ಲ. ಗುಳಿಗೆಗಳನ್ನು ಕೆನ್ನೆಯ ಚೀಲಕ್ಕೆ ತುರುಕಿಕೊಂಡು, ಬಿಲಕ್ಕೆ ಹೋಗಿ ಸುರಿದು, ಮತ್ತೆ ಬರುತ್ತದೆ. ಹೆಚ್ಚುವುದು ತಿನ್ನುವಿಕೆಯಲ್ಲ, ಸಂಗ್ರಹ. ಅಮೆರಿಕದ ಜಾರ್ಜಿಯಾದಲ್ಲಿ ತಿಮೊಥಿ ಬಾರ್ಟ್‌ನೆಸ್ ಮತ್ತು ಸಂಗಡಿಗರು ಅಗೌಟಿ ಸಂಬಂಧಿ ಪೆಪ್ಟೈಡನ್ನು ಹ್ಯಾಮ್‌ಸ್ಟರಿನ ಮಿದುಳಿಗೆ ಕೊಟ್ಟಾಗ ಸಂಗ್ರಹದ ಕೆಲಸ ದಿನಗಟ್ಟಲೆ ಏರಿತು. ನ್ಯೂರೋಪೆಪ್ಟೈಡ್ ವೈ ವಿಷಯದಲ್ಲಿ ವೈ1 ಗ್ರಾಹಿ ಹೆಚ್ಚಾಗಿ ಸಂಗ್ರಹಕ್ಕೂ ವೈ5 ಹೆಚ್ಚಾಗಿ ತಿನ್ನುವುದಕ್ಕೂ ಸಂಬಂಧಿಸಿತ್ತು. ಅದೇ ಅಣು, ಅದೇ ಗ್ರಾಹಿಗಳ ಬಳಗ, ಆದರೆ ಪ್ರಾಣಿಯ ಬಾಳ್ವೆಗೆ ತಕ್ಕಂತೆ ವರ್ತನೆ ಬೇರೆ.

ಇದನ್ನೆಲ್ಲ ಮನುಷ್ಯನಿಗೆ ಅನ್ವಯಿಸುವಾಗ ಬಹಳ ಎಚ್ಚರ ಬೇಕು. ವೈ5 ಗ್ರಾಹಿಯನ್ನು ತಡೆಯುವ ಔಷಧವನ್ನು ಸ್ಥೂಲಕಾಯದ ಜನರಲ್ಲಿ ಒಂದು ವರ್ಷ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಬಂತು. ತೂಕ ಇಳಿದದ್ದು ಚಿಕಿತ್ಸೆ ಎನ್ನಿಸಿಕೊಳ್ಳಲಾರದಷ್ಟು ಅಲ್ಪ. ಅದಕ್ಕೆದುರಾಗಿ ಜಿಎಲ್‌ಪಿ–1 ಎಂಬ ಪೆಪ್ಟೈಡ್ ದೊಡ್ಡ ಇಲಿಯ ಮಿದುಳಿನಲ್ಲಿ ತಿನ್ನುವುದನ್ನು ತಗ್ಗಿಸುತ್ತದೆ ಎಂದು 1996ರಲ್ಲಿ ಬಂದ ವರದಿ, ಇಂದು ಪ್ರಪಂಚವೆಲ್ಲ ಮಾತಾಡುತ್ತಿರುವ ಸೆಮಾಗ್ಲುಟೈಡ್‌ನಂಥ ಔಷಧಗಳಿಗೆ ಹೋಗುವ ದಾರಿಯಲ್ಲಿ ಒಂದು ಮುಖ್ಯ ಹೆಜ್ಜೆಯಾಯಿತು.

ಕೋಲ್‌ಮನ್ ಅವರ ಓಬಿ ಇಲಿಗೆ ಸರಿಸಾಟಿಯಾದ ಮಕ್ಕಳು 1997ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೆಯಾದರು. ಪಾಕಿಸ್ತಾನಿ ಮೂಲದ, ರಕ್ತಸಂಬಂಧದಲ್ಲಿ ಮದುವೆಗಳಾಗಿದ್ದ ಕುಟುಂಬದ ಇಬ್ಬರು ಮಕ್ಕಳಿಗೆ ಲೆಪ್ಟಿನ್ ಇರಲೇ ಇಲ್ಲ. ಹುಟ್ಟುವಾಗ ಸರಿಯಾದ ತೂಕವಿದ್ದು, ತಿಂಗಳುಗಳಲ್ಲೇ ವಿಪರೀತ ದಪ್ಪಗಾಗಿ, ತಣಿಯದ ಹಸಿವಿನಿಂದ ಬಳಲುತ್ತಿದ್ದರು. ಇಂಥ ಮಕ್ಕಳಿಗೆ ದಿನಕ್ಕೊಂದು ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಸಹಜಕ್ಕೆ ಬಂದು ಕೊಬ್ಬು ಕರಗಿತು. ಮರುವರ್ಷ ಎಂಸಿ4 ಗ್ರಾಹಿಯ ದೋಷವೂ ಮನುಷ್ಯರಲ್ಲಿ ಕಂಡಿತು. 2020ರಲ್ಲಿ ಪಿಒಎಂಸಿ ಮತ್ತು ಲೆಪ್ಟಿನ್ ಗ್ರಾಹಿಯ ಕೊರತೆಯುಳ್ಳವರಿಗಾಗಿ, ಎಂಸಿ4 ಗ್ರಾಹಿಯನ್ನು ನೇರವಾಗಿ ಎಬ್ಬಿಸುವ ಸೆಟ್‌ಮೆಲನೊಟೈಡ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಂಥ ಮಗುವನ್ನು ಹೊಟ್ಟೆಬಾಕ ಎಂದು ಬಯ್ಯುವುದು, ತಾಯಿಯನ್ನು ದೂರುವುದು ಕ್ರೂರವಷ್ಟೇ ಅಲ್ಲ, ವೈಜ್ಞಾನಿಕವಾಗಿಯೂ ತಪ್ಪು.

ಈ ದೋಷಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ರೋಗವಾಗುವಂಥವು. ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿ ನಮ್ಮ ನಾಡಿನ ಹಲವೆಡೆ ಇನ್ನೂ ಇದೆ. ಅಂಥ ಮನೆಯಲ್ಲಿ ಹುಟ್ಟಿದ ಮಗು ಮೊದಲ ವರ್ಷದಲ್ಲೇ ಅಸಹಜವಾಗಿ ದಪ್ಪಗಾಗುತ್ತಾ, ಎಷ್ಟು ಉಣಿಸಿದರೂ ಅಳು ನಿಲ್ಲಿಸದಿದ್ದರೆ, ನಮ್ಮ ಮಕ್ಕಳ ವೈದ್ಯರು ಊಟದ ಪಟ್ಟಿ ಬರೆದುಕೊಟ್ಟು ಕಳಿಸುವ ಮೊದಲು ಲೆಪ್ಟಿನ್ ಮಟ್ಟವನ್ನು ನೋಡಿಸಬೇಕು, ಜೀನ್ ಪರೀಕ್ಷೆಗೆ ಬರೆಯಬೇಕು.